ವಿಶ್ವವಿದ್ಯಾನಿಲಯಗಳೂ ಕಾಲ್ಚೆಂಡಾಟವೂ

ಬೆಂಗಳೂರಿಗೆ ಉತ್ತರದಲ್ಲಿ, ಯಲಹಂಕದ ಉಪನಗರವನ್ನು ಹೊಂದಿಕೊಂಡು, ಅಟ್ಟೂರು ಎಂಬ ಊರಿರುವುದು. ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸುವುದಕ್ಕೆ ಮುಂಚೆ ನಾಡಪ್ರಭುಗಳ ನೆಲೆಯಾಗಿದ್ದ ಯಲಹಂಕದ ಹೋಬಳಿಗೆ ಸೇರಿದ ಈ ಗ್ರಾಮವು, ತನ್ನ ಕೆರೆ, ತನ್ನ ಹೊಲಗದ್ದೆಗಳೊಡನೆ ಬಹುಕಾಲ ಗ್ರಾಮವಾಗಿಯೇ ಉಳಿದಿದ್ದು, ಗೃಹಮಂಡಲಿಯವರ ಬಡಾವಣೆಗಳು ಎದ್ದ ಮೇಲೆ ಊರಿನ ಚಹರೆಯನ್ನು ಕಳೆದುಕೊಂಡಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದ ಅನಂತರ ಅದರ ಹೆಸರು ನಗರದ ಒಂದು ವಾರ್ಡಿನ ಹೆಸರಾಯಿತು. ಇಲ್ಲಿಂದ ಎರಡು ಮೂರು ಹರಿದಾರಿಯೊಳಗೆ ನಾಲ್ಕು ದಿಕ್ಕಿಗೂ ಹೊರಟರೆ ಉಚ್ಚ ವಿದ್ಯಾಸಂಸ್ಥೆಗಳು ಎದುರಾಗುತ್ತವೆ. ದಕ್ಷಿಣಕ್ಕೆ ಹೆಬ್ಬಾಳದ ಕಡೆಯಲ್ಲಿ 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯ. ಕಟ್ಟಿಗೇನಹಳ್ಳಿಯಲ್ಲಿ, 2004ರಲ್ಲಿ ಇಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿ 2012ರ ಶಾಸನದಿಂದ ವಿಶ್ವವಿದ್ಯಾನಿಲಯವಾದ ರೇವಾ. ರಾಜಾನುಕುಂಟೆಯ ಬಳಿ ಇಟಗಲ್‌ಪುರದಲ್ಲಿ 2013ರ ಶಾಸನದಿಂದ ಏರ್ಪಟ್ಟ ಪ್ರೆಸಿಡೆನ್ಸಿ ವಿಶ್ವವಿದ್ಯಾನಿಲಯ. ಇವುಗಳ ನಡುನಡುವೆ ಹಲವು ಇಂಜಿನಿಯರಿಂಗ್ ಕಾಲೇಜುಗಳು. 1940ರಲ್ಲಿ ಈ ಸೀಮೆಯ ವಿದ್ಯಾರ್ಥಿಯೊಬ್ಬನು ಪದವಿಯನ್ನು ಬಯಸಿದ್ದರೆ ಅವನಿಗೆ ಇಡೀ ಮೈಸೂರು ಸಂಸ್ಥಾನದಲ್ಲಿ ಒಂದೇ ಒಂದು ವಿಶ್ವವಿದ್ಯಾನಿಲಯವಿದ್ದಿತು.

ವಿಶ್ವವಿದ್ಯಾನಿಲಯವೊಂದು ಹೊಸದಾಗಿ ಹುಟ್ಟಿದೊಡನೆ ಅದಕ್ಕೆ ಬೇಕಾಗುವುದು ಪುಸ್ತಕ ಭಂಡಾರ, ಪ್ರಯೋಗಶಾಲೆ, ಪಂಡಿತರಾದ ಅಧ್ಯಾಪಕರು ಎಂದು ಸಾಮಾನ್ಯವಾಗಿ ಯಾರಾದರೂ ಹೇಳಿಯಾರು. ಆದರೆ ಭಂಡಾರದ ಕಪಾಟುಗಳು ತುಂಬುವುದಕ್ಕೆ ಮೊದಲೇ ಅಲ್ಲೊಂದು ಕಾಲ್ಚೆಂಡಿನ ತಂಡ ಸಿದ್ಧವಾಗುವುದು ಅಪರೂಪವಲ್ಲ. ಇದು ಭಾರತದಲ್ಲಿ ಮಾತ್ರವಲ್ಲ, ಅಮೆರಿಕಾದಲ್ಲಿಯೂ ಕಾಣುವ ಸಂಗತಿ. ವಿದ್ಯೆಯನ್ನು ಹೇಳಿಕೊಡುವುದಕ್ಕಾಗಿ ಏರ್ಪಟ್ಟ ಸಂಸ್ಥೆಯು ಚೆಂಡನ್ನು ಒದೆಯುವವರನ್ನು ಏಕೆ ಕೂಡಿಸಬೇಕು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಲಘುವಾಗಿ ತೋರಿದರೂ, ವಿಶ್ವವಿದ್ಯಾನಿಲಯವೆಂದರೆ ಏನೆಂಬ ಪ್ರಶ್ನೆಯ ಅಂಚನ್ನು ಅದು ಮುಟ್ಟುತ್ತದೆ.

ಮೊದಲು ಪದದ ವಿಚಾರ. ‘ಫುಟ್‌ಬಾಲ್’ ಎಂಬುದನ್ನು ಕನ್ನಡಿಸಿದವರು ‘ಕಾಲುಚೆಂಡು’ ಎನ್ನದೆ ‘ಕಾಲ್ಚೆಂಡು’ ಎಂದರು. ಹೊಸಗನ್ನಡದಲ್ಲಿ ‘ಕಾಲು’ ಎಂದು ಸ್ವರಾಂತವಾದ ಪದವು ಸಮಾಸದಲ್ಲಿ ತನ್ನ ಹಳೆಯ ವ್ಯಂಜನಾಂತ ರೂಪವನ್ನೇ ತಾಳಿರುವುದು, ‘ಕಾಲ್ನಡೆ’ಯಲ್ಲಿರುವಂತೆ. ಉತ್ತರಪದದ ಮೊದಲಲ್ಲಿ ಕ, ತ, ಪಗಳು ಇದ್ದಿದ್ದರೆ ‘ಮಳೆಗಾಲ’, ‘ಕಂಬನಿ’ಗಳಲ್ಲಿ ಆದಂತೆ ಗ, ದ, ಬಗಳು ಆದೇಶವಾಗಿ ಬರುವ ಸಂಭವವಿದ್ದಿತು, ಚಕಾರಕ್ಕೆ ಆ ವಿಕಾರವಿಲ್ಲದ್ದರಿಂದ ಚೆಂಡು ಚೆಂಡಾಗಿಯೇ ಉಳಿಯಿತು. ಆಟ ಪರದೇಶದ್ದಾದರೂ ಪದವು ಕನ್ನಡದ ಎರಡು ಪದಗಳಿಂದಲೇ ನಿರ್ದುಷ್ಟವಾಗಿ ಕೂಡಿಬಂದಿದೆ. ಅಮೆರಿಕಾದವರು ‘ಫುಟ್‌ಬಾಲ್’ ಎನ್ನುವುದು ಬೇರೊಂದು ಆಟ. ಅದರಲ್ಲಿ ಚೆಂಡು ಬಹುಮಟ್ಟಿಗೆ ಕೈಯಲ್ಲಿಯೇ ಇರುವುದರಿಂದ ಅದನ್ನು ಕಾಲ್ಚೆಂಡೆಂದು ಕರೆಯುವುದು ಕನ್ನಡಕ್ಕೆ ಒಗ್ಗದು.

ಈ ಆಟಕ್ಕೂ ವಿದ್ಯಾಶಾಲೆಗೂ ಇರುವ ನಂಟು ಆಟದ ಕಟ್ಟಳೆಗಳಷ್ಟೇ ಹಳೆಯದು. ಇಂಗ್ಲೆಂಡಿನ ಒಂದೊಂದು ಶಾಲೆಯಲ್ಲಿಯೂ ಒಂದೊಂದು ಬಗೆಯಾಗಿ ಆಡುತ್ತಿದ್ದ ಹುಡುಗರು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಬಂದು ಸೇರಿದಾಗ, ಯಾರ ನಿಯಮದಂತೆ ಆಡಬೇಕೆಂಬ ತಂಟೆ ಎದ್ದು, 1848ರಲ್ಲಿ ಅವರು ಸಾಮಾನ್ಯ ನಿಯಮಗಳನ್ನು ಗೊತ್ತುಮಾಡಿಕೊಂಡರು. 1863ರಲ್ಲಿ ಲಂಡನ್ನಿನಲ್ಲಿ ಸಂಘ ಏರ್ಪಟ್ಟಾಗ ಈ ಕೇಂಬ್ರಿಜ್ ನಿಯಮಗಳು ಅದಕ್ಕೆ ಮಾದರಿಗಳಲ್ಲೊಂದಾಗಿ ಒದಗಿದವು. 1874ರಲ್ಲಿ ಆ ಸಂಘದ ಪಾರಿತೋಷಕವನ್ನು ಗೆದ್ದುದು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ತಂಡ. ಅಂದರೆ, ಆಟಕ್ಕೆ ವಿಶ್ವವಿದ್ಯಾನಿಲಯ ಬಂದು ಸೇರಿದ್ದಲ್ಲ. ಒಂದೇ ಆಟವಾಗಿ ಅದು ರೂಪುಗೊಂಡ ತಾಣಗಳಲ್ಲಿ ವಿಶ್ವವಿದ್ಯಾನಿಲಯವೂ ಒಂದು.

ಭಾರತಕ್ಕೆ ಇದು ಎರಡು ಬಾಗಿಲುಗಳಿಂದ ಬಂದಿತು: ಒಂದು ಸೈನ್ಯದ ಪಾಳೆಯ, ಇನ್ನೊಂದು ಶಾಲೆ. ಕಲ್ಕತ್ತೆಯ ಹೇರ್ ಶಾಲೆಯಲ್ಲಿ 1877ರ ಸುಮಾರಿಗೆ ನಗೇಂದ್ರಪ್ರಸಾದ ಸರ್ವಾಧಿಕಾರಿ ಎಂಬ ಬಾಲಕನು ಸಹಪಾಠಿಗಳನ್ನು ಕೂಡಿಸಿ ಆಟವನ್ನು ಆರಂಭಿಸಿದನೆಂಬುದು ಪ್ರಸಿದ್ಧವಾಗಿದೆ. 1891ರಲ್ಲಿ ಶ್ರೀನಗರದ ಮಿಷನ್ ಶಾಲೆಗೆ ಟಿಂಡೇಲ್ ಬಿಸ್ಕೋ ಎಂಬ ಪಾದ್ರಿಯು ಚೆಂಡನ್ನು ತಂದಾಗ ನಡೆದ ಪ್ರಸಂಗವು ಇನ್ನೂ ಅರ್ಥವತ್ತಾದುದು. ಚೆಂಡು ಚರ್ಮದ್ದೆಂದು ತಿಳಿದ ಬ್ರಾಹ್ಮಣ ಬಾಲಕರು ಅದನ್ನು ಮುಟ್ಟಲೊಲ್ಲದೆ ನಿಂತರು. ಉಪಾಧ್ಯಾಯರು ಅವರನ್ನು ಬಲವಂತದಿಂದಲೇ ಮೈದಾನಕ್ಕೆ ಅಟ್ಟಿದರು. ಆ ಕಾಲದ ಪಾದ್ರಿಗಳಿಗೂ ಅಧಿಕಾರಿಗಳಿಗೂ ಆಟವು ಗೆಲ್ಲುವುದಕ್ಕಾಗಿ ಇದ್ದುದಲ್ಲ. ಶೀಲವನ್ನು ತಿದ್ದುವ ಉಪಕರಣವಾಗಿ ಇದ್ದಿತು. ಸೋಲನ್ನು ಸಹಿಸುವುದು, ಒಬ್ಬನ ಮಾತಿಗೆ ಹನ್ನೊಂದು ಮಂದಿ ನಡೆಯುವುದು, ಮೈಗೆ ಮೈ ತಗಲಿದರೂ ಕೋಪಿಸದಿರುವುದು, ಇವೇ ಅವರು ಎಣಿಸಿದ ಫಲಗಳು. ಆಳುವವರ ಈ ಎಣಿಕೆಯನ್ನು ಆಳಲ್ಪಡುವವರೂ ಬೇರೆ ಉದ್ದೇಶದಿಂದ ಕೈಗೆತ್ತಿಕೊಂಡರೆಂಬುದನ್ನು ಮರೆಯಲಾಗದು. ವಿವೇಕಾನಂದರು 1897ರಲ್ಲಿ ಮದರಾಸಿನ ತರುಣರಿಗೆ, ಗೀತಾಧ್ಯಯನಕ್ಕಿಂತ ಮುಂಚೆ ಕಾಲ್ಚೆಂಡಿನ ಬಯಲಿಗೆ ನಡೆಯಿರೆಂಬ ಅರ್ಥದ ಮಾತನ್ನು ಹೇಳಿದ್ದು ದೌರ್ಬಲ್ಯವನ್ನು ನೀಗಿಕೊಂಡ ಜನವೇ ಸ್ವತಂತ್ರವಾದೀತೆಂಬ ಭಾವದಿಂದ. 1911ರಲ್ಲಿ ಮೋಹನ ಬಾಗಾನ್ ತಂಡವು ಕಲ್ಕತ್ತೆಯಲ್ಲಿ ಆಂಗ್ಲ ಸೈನಿಕರನ್ನು ಸೋಲಿಸಿದಾಗ ಆ ಭಾವಕ್ಕೆ ಕಣ್ಣಿಗೆ ಕಾಣುವ ಆಕಾರ ಬಂದಿತು.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತು. ಅದರ ಪ್ರಥಮ ಪದವೀದಾನ ಸಮಾರಂಭದಲ್ಲಿ, 1918ರಲ್ಲಿ, ಉಪನ್ಯಾಸ ಮಾಡಿದವರು ಕಲ್ಕತ್ತೆಯ ಸರ್ ಆಶುತೋಷ ಮುಖರ್ಜಿಯವರು. ಆಮೇಲೆ 1941ರಿಂದ ಭಾರತದ ವಿಶ್ವವಿದ್ಯಾನಿಲಯಗಳೊಳಗೆ ನಡೆದುಬಂದ ಕಾಲ್ಚೆಂಡಿನ ಪಂದ್ಯಕ್ಕೆ ಅವರ ಹೆಸರಿನ ಪಾರಿತೋಷಕವೇ ಇಡಲ್ಪಟ್ಟಿತೆಂಬುದು ಕೇವಲ ಆಕಸ್ಮಿಕವಾದರೂ ನೆನೆಯತಕ್ಕದ್ದು. ನ್ಯಾಯಾಧೀಶರೂ ಗಣಿತಜ್ಞರೂ ಆಗಿದ್ದ ಅವರ ಹೆಸರನ್ನು ಇಂದು ನಾಡಿನ ಅನೇಕ ತರುಣರು ಮೊದಲು ಕೇಳುವುದು ಚೆಂಡಿನ ಮೂಲಕವೇ.

ಆದರೆ ಬೆಂಗಳೂರಿನ ಕಾಲ್ಚೆಂಡಾಟವು ವಿಶ್ವವಿದ್ಯಾನಿಲಯದ ಮಗುವಲ್ಲ. ಅದು ದಂಡಿನಲ್ಲಿ ಬೆಳೆಯಿತು. ಬೆಂಗಳೂರಿನ ದಂಡುಪ್ರದೇಶವು 1947ರ ವರೆಗೆ ಮೈಸೂರಿನ ಮಹಾರಾಜರ ಆಡಳಿತಕ್ಕೆ ಸೇರದೆ ಬ್ರಿಟಿಷರ ನೇರ ಆಡಳಿತದಲ್ಲಿದ್ದುದು ಸರ್ವವಿದಿತ. ಹೀಗಾಗಿ ಸೆಂಟ್ರಲ್ ಕಾಲೇಜಿನ ಬೆಂಗಳೂರು ಒಂದು, ಚೆಂಡಿನ ಬೆಂಗಳೂರು ಮತ್ತೊಂದು ಎಂಬಂತೆ ಇದ್ದಿತು. ನಡುವೆ ಕಬ್ಬನ್ ಉದ್ಯಾನದ ಅಗಲವಷ್ಟೇ ಇದ್ದರೂ ಇವೆರಡೂ ಎರಡು ಸರಕಾರಗಳ ನೆಲವಾಗಿದ್ದವು. ಸಿಪಾಯಿಗಳ ಆಟವನ್ನು ನೋಡಿ ಕಲಿತ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಗೌತಮಪುರಗಳ ಶ್ರಮಜೀವಿಗಳ ಮಕ್ಕಳು ಬರಿಗಾಲಿನಲ್ಲಿ ಆ ವಿದ್ಯೆಯನ್ನು ತಮ್ಮದಾಗಿಸಿಕೊಂಡರು. ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬು 1937ರಲ್ಲಿ ಮುಂಬಯಿಯ ರೋವರ್ಸ್ ಪಾರಿತೋಷಕವನ್ನು ಗೆದ್ದು, ಸೈನ್ಯದ ತಂಡಗಳ ಸ್ವತ್ತೇ ಎಂಬಂತಿದ್ದ ಆ ಗೌರವವನ್ನು ಪಡೆದ ಮೊದಲ ಭಾರತೀಯ ಕ್ಲಬ್ಬಾಯಿತು. 1938ರಲ್ಲಿ ಮತ್ತೆ ಗೆದ್ದಿತು. ಮೈಸೂರು ಸಂಸ್ಥಾನದ ತಂಡವು 1946–47ರಲ್ಲಿ ಸಂತೋಷ್ ಪಾರಿತೋಷಕವನ್ನು ಪಡೆಯಿತು. ಅನಂತರ 1952–53, 1967–68, 1968–69ರಲ್ಲಿಯೂ ಪಡೆಯಿತು. 1948ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸಿನ ಎದುರು ಭಾರತದ ಏಕಮಾತ್ರ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದ ಅಹಮದ್ ಖಾನ್, ಧನರಾಜ್ ಇವರೆಲ್ಲ ಬೆಂಗಳೂರಿನವರು. ಇವರ ಹೆಸರಿನೊಡನೆ ಜನರು ನೆನೆಯುವುದು ಕ್ಲಬ್ಬುಗಳನ್ನೇ ಹೊರತು ಕಾಲೇಜುಗಳನ್ನಲ್ಲ. ಆ ತಂಡದ ನಾಯಕನಾಗಿದ್ದ ನಾಗಾ ನಾಡಿನ ತಾಲಿಮೆರೆನ್ ಆವೊ ಮಾತ್ರ ಕಲ್ಕತ್ತೆಯಲ್ಲಿ ವೈದ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದರೆಂಬುದು ಇಲ್ಲಿ ಗಮನಾರ್ಹ.

ಹಾಗಾದರೆ ಶೀಲವನ್ನು ತಿದ್ದಬೇಕೆಂಬ ಹಳೆಯ ಉದ್ದೇಶವೂ ಸಡಿಲವಾಗಿ, ಆಟದ ಕೀರ್ತಿಯೂ ಬೇರೆಯವರ ಪಾಲಾಗಿದ್ದಾಗ, ವಿಶ್ವವಿದ್ಯಾನಿಲಯಗಳು ತಂಡಗಳನ್ನು ಕಟ್ಟುತ್ತ ಬಂದುದೇಕೆ? ಇದಕ್ಕೆ ಮುಖ್ಯವಾದ ಕಾರಣವು ತತ್ತ್ವದಲ್ಲಿಲ್ಲ, ಲೆಕ್ಕದಲ್ಲಿದೆ. 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಲಿಯಾಗಿ ಏರ್ಪಟ್ಟು 1973ರಿಂದ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂದು ಹೆಸರಾದ ಸಂಸ್ಥೆಯು ನಡೆಸುವ ಪಂದ್ಯಗಳಿಗೆ ಪ್ರವೇಶವಿರುವುದು ವಿಶ್ವವಿದ್ಯಾನಿಲಯಗಳಿಗೆ, ಕಾಲೇಜುಗಳಿಗಲ್ಲ. ಕಾಲೇಜಿನ ತಂಡವು ತನ್ನ ವಿಶ್ವವಿದ್ಯಾನಿಲಯದೊಳಗಿನ ಪಂದ್ಯಗಳಲ್ಲಿ ಆಡಿ ಗೆದ್ದರೂ ಮುಂದಕ್ಕೆ ಆ ಹೆಸರಿನಿಂದ ಹೋಗಲಾರದು. ಅದರಿಂದ ಒಬ್ಬರೋ ಇಬ್ಬರೋ ಆರಿಸಲ್ಪಟ್ಟು ವಿಶ್ವವಿದ್ಯಾನಿಲಯದ ಅಂಗಿಯನ್ನು ತೊಟ್ಟು ವಲಯದ ಪಂದ್ಯಕ್ಕೆ ಹೋಗುತ್ತಾರೆ. ಕರ್ನಾಟಕದ ವಿಶ್ವವಿದ್ಯಾನಿಲಯಗಳು ದಕ್ಷಿಣ ವಲಯಕ್ಕೆ ಸೇರಿದವು. ಅಲ್ಲಿ ಮುಂದೆ ಬಂದವರು ಅಖಿಲ ಭಾರತದ ಹಂತಕ್ಕೆ ಹೋಗತಕ್ಕದ್ದು. ಆದುದರಿಂದ ಒಂದು ವಿಶ್ವವಿದ್ಯಾನಿಲಯವು ಒಡೆದು ಎರಡಾದರೆ ಕಾಲ್ಚೆಂಡಿನ ಜಗತ್ತಿನಲ್ಲಿ ತಾನಾಗಿಯೇ ಒಂದು ಹೊಸ ಸ್ಥಾನ ಹುಟ್ಟುತ್ತದೆ. ಆ ಸ್ಥಾನವನ್ನು ತುಂಬದೆ ಬಿಡುವುದೆಂದರೆ ಆಮಂತ್ರಣವಿದ್ದೂ ಸಭೆಗೆ ಹೋಗದಿರುವಂತೆ.

ಈ ಒಡೆಯುವಿಕೆಯ ಚರಿತ್ರೆಯೇ ಕರ್ನಾಟಕದ ಉಚ್ಚ ಶಿಕ್ಷಣದ ಚರಿತ್ರೆಯ ಬಹುಭಾಗವೆನ್ನಬಹುದು. ಮೈಸೂರೊಂದೇ ಇದ್ದಲ್ಲಿ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಧಾರವಾಡದ ಕಡೆಗೆ ಏರ್ಪಟ್ಟಿತು. 1964ರಲ್ಲಿ ಬೆಂಗಳೂರು ಮೈಸೂರಿನಿಂದ ಬೇರೆಯಾಯಿತು. 1980ರಲ್ಲಿ ಮಂಗಳೂರು ಮತ್ತು ಗುಲ್ಬರ್ಗಾ, 1987ರಲ್ಲಿ ಕುವೆಂಪು; 1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳೆಲ್ಲವನ್ನೂ ಒಂದುಗೂಡಿಸಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ; 2017ರಲ್ಲಿ ಬೆಂಗಳೂರು ಮತ್ತೆ ಮೂರಾಯಿತು. ಇವುಗಳ ಜೊತೆಗೆ 2012ರಿಂದೀಚೆಗೆ ಶಾಸನಗಳಿಂದ ಒಂದರ ಮೇಲೊಂದು ಬಂದ ಖಾಸಗಿ ವಿಶ್ವವಿದ್ಯಾನಿಲಯಗಳು. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ. 1882ರಲ್ಲಿ ಹುಟ್ಟಿದ ಆ ಕಾಲೇಜು 1926ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೂ, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೂ ಸೇರಿ, 2022ರಲ್ಲಿ ತಾನೇ ವಿಶ್ವವಿದ್ಯಾನಿಲಯವಾಯಿತು. ಅದರ ಬಯಲು ಒಂದೇ. ಆದರೆ ಅಜ್ಜನು ಮೈಸೂರಿನ ಪರವಾಗಿ, ತಂದೆಯು ಬೆಂಗಳೂರಿನ ಪರವಾಗಿ, ಮೊಮ್ಮಗನು ಕಾಲೇಜಿನ ಹೆಸರಿನಲ್ಲಿಯೇ ಆಡುವುದಕ್ಕೆ ಅವಕಾಶವಾಯಿತು. ಅಟ್ಟೂರಿನ ಸುತ್ತಣ ಇಂಜಿನಿಯರಿಂಗ್ ಕಾಲೇಜುಗಳನ್ನೂ ಹೀಗೆಯೇ ಎಣಿಸಬೇಕು. ತಾಂತ್ರಿಕ ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದಾಗ ಅವು ನಾಡಿನ ನೂರಾರು ಕಾಲೇಜುಗಳಲ್ಲಿ ಒಂದೊಂದಾಗಿದ್ದು, ಅಂತರ ವಿಶ್ವವಿದ್ಯಾನಿಲಯದ ತಂಡದಲ್ಲಿ ಅವುಗಳ ಹುಡುಗನೊಬ್ಬನಿಗೆ ಎಡೆ ದೊರಕಿದರೆ ಹೆಚ್ಚು. ಅವುಗಳಲ್ಲೊಂದು ಸ್ವತಂತ್ರ ವಿಶ್ವವಿದ್ಯಾನಿಲಯವಾದ ದಿವಸವೇ ಇಡೀ ತಂಡದ ಹಕ್ಕು ಅದಕ್ಕೆ ಬಂದಂತಾಯಿತು. ಒಡೆದು ಬಂದ ಭಾಗಗಳಿಗೆ ಬಲ ಕಡಮೆಯೆಂದು ಅಂಜಬೇಕಾದುದೂ ಇಲ್ಲ. 1968ರಲ್ಲಿ ಕೇರಳ ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ಹುಟ್ಟಿದ ಕ್ಯಾಲಿಕಟ್ ವಿಶ್ವವಿದ್ಯಾನಿಲಯವು ಮಲಬಾರಿನ ಚೆಂಡಿನ ಹುಚ್ಚನ್ನೆಲ್ಲ ತನ್ನ ಪಾಲಿಗೆ ಪಡೆದು ಆಶುತೋಷ ಪಾರಿತೋಷಕವನ್ನು ಹಲವು ಬಾರಿ ಗೆದ್ದಿದೆ.

ಹಕ್ಕು ಬಂದ ಮಾತ್ರಕ್ಕೆ ಅದನ್ನು ಹಣ ಖರ್ಚುಮಾಡಿ ಚಲಾಯಿಸಬೇಕೆಂಬ ನಿಯಮವಿಲ್ಲ. ಇಲ್ಲಿ ಇತ್ತೀಚಿನವರು ಸಾಮಾನ್ಯವಾಗಿ ಹೇಳುವ ಕಾರಣವೆಂದರೆ ಮಾನ್ಯತೆಯ ಅಂಕಗಳು. 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿಯೇ ಕಚೇರಿಯನ್ನಿಟ್ಟುಕೊಂಡಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು ವಿದ್ಯಾಸಂಸ್ಥೆಗಳನ್ನು ಅಳೆಯುವಾಗ ವಿದ್ಯಾರ್ಥಿಗಳು ಕ್ರೀಡೆಯಲ್ಲಿಯೂ ಕಲೆಗಳಲ್ಲಿಯೂ ಪಡೆದ ಬಹುಮಾನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತ ಬಂದಿದೆ. ಆದರೆ ಹಲವು ವರ್ಷ ಜಾರಿಯಲ್ಲಿದ್ದ ಅದರ ಕೈಪಿಡಿಯನ್ನು ನೋಡಿದರೆ, ತಂಡವಾಗಿ ಗೆದ್ದ ಬಹುಮಾನವನ್ನು ಒಂದೇ ಎಂದು ಎಣಿಸತಕ್ಕದ್ದೆಂಬ ನಿಬಂಧನೆ ಕಂಡುಬರುತ್ತದೆ. ಅಂದರೆ ಹನ್ನೊಂದು ಮಂದಿ ಬೆವರು ಸುರಿಸಿ, ಅಷ್ಟೇ ಮಂದಿ ಬದಲಿಗಳನ್ನಿಟ್ಟುಕೊಂಡು, ತಿಂಗಳುಗಟ್ಟಲೆ ಅಭ್ಯಾಸಮಾಡಿ ತಂದ ಪಾರಿತೋಷಕವೂ, ಒಬ್ಬನೇ ಹುಡುಗನು ಓಡಿ ತಂದ ಪದಕವೂ ಈ ತಕ್ಕಡಿಯಲ್ಲಿ ಸಮತೂಕ. ಅಂಕವೊಂದನ್ನೇ ಬಯಸುವ ಸಂಸ್ಥೆಯಾದರೆ ನಾಲ್ವರು ಓಟಗಾರರನ್ನೂ ಒಬ್ಬ ಈಜುಗಾರನನ್ನೂ ಸಾಕಿಕೊಂಡು ಸುಖವಾಗಿರಬಹುದು. ಆದಕಾರಣ ಅಂಕದಾಸೆಯೇ ಕಾಲ್ಚೆಂಡಾಟಕ್ಕೆ ಕಾರಣವೆಂಬ ವಾದವು ಪರೀಕ್ಷೆಗೆ ನಿಲ್ಲುವುದಿಲ್ಲ.

ಕೀರ್ತಿಯ ಮಾತು ಬೇರೆ. ವಿಶ್ವವಿದ್ಯಾನಿಲಯಗಳ ಕ್ರೀಡಾಸಾಧನೆಗೆ ಕೊಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಪಾರಿತೋಷಕವು 1956–57ರಿಂದ ನಡೆದುಬಂದಿದೆ. ಅಮೃತಸರದ ಗುರು ನಾನಕ್ ದೇವ್ ವಿಶ್ವವಿದ್ಯಾನಿಲಯವು ಅದನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಪಡೆದು, ಆ ಮೂಲಕವೇ ದೂರದ ದಕ್ಷಿಣದವರಿಗೂ ಪರಿಚಿತವಾಗಿದೆ. 2020ರಲ್ಲಿ ಒಡಿಶಾದಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದ ಎರಡನೆಯ ಅಧಿವೇಶನವು 2022ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಜೈನ್ ವಿಶ್ವವಿದ್ಯಾನಿಲಯದ ಆತಿಥ್ಯದಲ್ಲಿ ನಡೆಯಿತು. ಆತಿಥೇಯರೇ ಅಗ್ರಸ್ಥಾನವನ್ನೂ ಪಡೆದರು. ನೂರು ವರ್ಷದ ಸಂಪ್ರದಾಯವಿಲ್ಲದ ಸಂಸ್ಥೆಗೆ ಹೆಸರನ್ನು ತರುವ ಹಾದಿಗಳು ಕೆಲವೇ. ವಿದ್ವತ್ತಿನ ಹೆಸರು ಮೂವತ್ತು ವರ್ಷದ ಕೃಷಿ. ಚೆಂಡಿನ ಹೆಸರು ಮೂರು ವರ್ಷದ್ದು. ಹಳೆಯ ವಿಶ್ವವಿದ್ಯಾನಿಲಯದವರು ಇದನ್ನು ಕಂಡು ನಗುವುದು ಸುಲಭ. ಅವರ ಕಟ್ಟಡಗಳ ಗಡಿಯಾರಗೋಪುರಗಳೂ ಇಂತಹ ಆಸೆಯಿಂದಲೇ ಎದ್ದವಲ್ಲವೇ ಎಂಬುದನ್ನು ಮಾತ್ರ ಅವರು ಯೋಚಿಸಬೇಕು.

ಈ ಕೀರ್ತಿಯ ವಿಷಯದಲ್ಲಿ ಅಮೆರಿಕಾದ ಅನುಭವವು ದೀರ್ಘವಾದುದು. 1869ರ ನವೆಂಬರ್ 6ರಂದು ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಆಟವು ಕಾಲ್ಚೆಂಡಿಗೇ ಹೆಚ್ಚು ಹತ್ತಿರವಾಗಿದ್ದು, ಮುಂದೆ ಕೈಯಿಂದ ಹೊತ್ತೊಯ್ಯುವ ಅವರ ಆಟವಾಗಿ ಮಾರ್ಪಟ್ಟಿತು. ಅದರಲ್ಲಿ ಹುಡುಗರು ಸಾಯುವ ಸ್ಥಿತಿ ಬಂದು, 1905ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರೇ ಕಾಲೇಜುಗಳ ಪ್ರಮುಖರನ್ನು ಕರೆಸಿ ಮಾತನಾಡಬೇಕಾಯಿತು. ಮರುವರ್ಷ ನಿಯಮಗಳೂ ನಿಯಾಮಕ ಸಂಘವೂ ಏರ್ಪಟ್ಟವು. ಷಿಕಾಗೋ ವಿಶ್ವವಿದ್ಯಾನಿಲಯದ ಕಥೆಯಂತೂ ವಿಶೇಷವಾದುದು. ಆ ಆಟದಲ್ಲಿ ಅಗ್ರಗಣ್ಯವಾಗಿದ್ದ, 1935ರಲ್ಲಿ ದೇಶದ ಶ್ರೇಷ್ಠ ಆಟಗಾರನೆಂಬ ಹೆಸರಿನ ಪ್ರಥಮ ಬಹುಮಾನವನ್ನು ತನ್ನ ವಿದ್ಯಾರ್ಥಿಗೆ ಗಳಿಸಿಕೊಟ್ಟಿದ್ದ ಆ ಸಂಸ್ಥೆಯು, 1939ರಲ್ಲಿ ಅಧ್ಯಕ್ಷ ಹಚಿನ್ಸರ ಕಾಲದಲ್ಲಿ, ವಿದ್ಯೆಗೂ ಈ ವ್ಯಾಪಾರಕ್ಕೂ ಸಂಬಂಧವಿಲ್ಲವೆಂದು ತಂಡವನ್ನೇ ವಿಸರ್ಜಿಸಿತು. ಬರಿದಾದ ಕ್ರೀಡಾಂಗಣದ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗಣ ಒಂದು ಕೋಣೆಯಲ್ಲಿ 1942ರ ಡಿಸೆಂಬರ್ 2ರಂದು ಫರ್ಮಿಯೂ ಅವರ ಸಂಗಡಿಗರೂ ಪರಮಾಣು ವಿದಳನದ ಸ್ವಯಂಪೋಷಿತ ಸರಪಳಿಯನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ನಡೆಸಿ ತೋರಿದರು. ಆಟವನ್ನು ಬಿಟ್ಟ ವಿಶ್ವವಿದ್ಯಾನಿಲಯಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲವೆಂದು ತೋರಬಹುದು. ಆದರೂ 1969ರಲ್ಲಿ ಷಿಕಾಗೋ ಆ ಆಟವನ್ನು, ದೊಡ್ಡ ಪಂದ್ಯಗಳ ಆಡಂಬರವಿಲ್ಲದೆ ಸಣ್ಣ ಪ್ರಮಾಣದಲ್ಲಿ, ಮತ್ತೆ ಆರಂಭಿಸಿತು. ಅಲಬಾಮ ವಿಶ್ವವಿದ್ಯಾನಿಲಯದ ಬರ್ಮಿಂಗ್‌ಹ್ಯಾಮ್ ಶಾಖೆಯು ವೆಚ್ಚ ತಾಳಲಾರದೆ 2014ರ ಕೊನೆಯಲ್ಲಿ ತಂಡವನ್ನು ಮುಚ್ಚಿದಾಗ ಊರವರೂ ಹಳೆಯ ವಿದ್ಯಾರ್ಥಿಗಳೂ ಎದ್ದು ಹಣವೊದಗಿಸಿದ್ದರಿಂದ 2017ರಲ್ಲಿ ಅದು ಮರಳಿ ಮೈದಾನಕ್ಕಿಳಿಯಿತು. ತಂಡವನ್ನು ಕಟ್ಟುವುದು ಸುಲಭ, ಕಳೆದುಕೊಳ್ಳುವುದು ಕಷ್ಟ.

ದೊಡ್ಡ ಸಂಸ್ಥೆಗಳಿಗಿಂತ ಸಣ್ಣ ಕಾಲೇಜುಗಳ ಕಾರಣವು ಹೆಚ್ಚು ಕುತೂಹಲಕರ. 1980ರ ಸುಮಾರಿನಿಂದ ಅಮೆರಿಕಾದ ಕಾಲೇಜುಗಳಲ್ಲಿ ಹುಡುಗಿಯರ ಸಂಖ್ಯೆ ಹುಡುಗರನ್ನು ಮೀರಿತು. ಬೋಧನೆಯ ಶುಲ್ಕದಿಂದಲೇ ಬದುಕುವ ಸಣ್ಣ ಕಾಲೇಜು ಆ ಆಟವನ್ನು ಆರಂಭಿಸಿದರೆ ಬೇರೆ ರೀತಿಯಿಂದ ಬಾರದಿದ್ದ ಎಪ್ಪತ್ತು, ನೂರು ಮಂದಿ ಹುಡುಗರು ಸೇರುತ್ತಾರೆ. ಮೂರನೆಯ ವರ್ಗದ ಕಾಲೇಜುಗಳಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನವನ್ನು ಕೊಡಕೂಡದೆಂಬ ನಿಯಮವಿರುವುದರಿಂದ ಅವರು ಆಟಗಾರರೆಂಬ ಕಾರಣಕ್ಕೆ ಶುಲ್ಕದ ರಿಯಾಯಿತಿಯನ್ನು ಪಡೆಯಲಾರರು. ಆಟದ ಟಿಕೆಟ್ಟಿನಿಂದ ಬಿಡಿಗಾಸು ಬಾರದಿದ್ದರೂ ಶುಲ್ಕದಿಂದ ಬೊಕ್ಕಸ ತುಂಬುತ್ತದೆ. ಗೆಲುವಿನಿಂದ ಅರ್ಜಿಗಳು ಹೆಚ್ಚುತ್ತವೆಂಬ ಇನ್ನೊಂದು ನಂಬಿಕೆಯೂ ಅಲ್ಲಿದೆ. 1984ರಲ್ಲಿ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಕೊನೆಯ ಕ್ಷಣದಲ್ಲಿ ಪಂದ್ಯ ಗೆದ್ದುಕೊಟ್ಟ ಮೇಲೆ ಅಲ್ಲಿಗೆ ಅರ್ಜಿಗಳ ಮಹಾಪೂರ ಬಂದಿತೆಂದು ಹೇಳುವರು. ಆ ಏರಿಕೆಯು ಅದಕ್ಕೂ ಹಿಂದಿನ ವರ್ಷಗಳಿಂದಲೇ ನಡೆದಿತ್ತೆಂಬುದನ್ನು ಹೇಳುವುದು ಮಾತ್ರ ಕಡಮೆ.

ಇದರಲ್ಲಿ ಬೆಂಗಳೂರಿಗೆ ಅನ್ವಯಿಸುವುದೆಷ್ಟು? ಇಲ್ಲಿ ವಿಶ್ವವಿದ್ಯಾನಿಲಯದ ಪಂದ್ಯಕ್ಕೆ ಟಿಕೆಟ್ಟು ಕೊಂಡು ಬರುವವರಿಲ್ಲ. ಚೆಂಡಿಗಾಗಿ ಹಣ ಸುರಿಯುವ ಹಳೆಯ ವಿದ್ಯಾರ್ಥಿಗಳೂ ವಿರಳ. ಇಂಜಿನಿಯರಿಂಗ್ ಸೇರುವ ಹುಡುಗನ ತಂದೆಯು ಕೇಳುವುದು ಉದ್ಯೋಗದ ಸಂಗತಿಯನ್ನೇ ಹೊರತು ಗೋಲಿನ ಸಂಖ್ಯೆಯನ್ನಲ್ಲ. ಆದರೆ ಯಲಹಂಕದ ಸುತ್ತಣ ವಿದ್ಯಾರ್ಥಿನಿಲಯಗಳಲ್ಲಿ ಕೇರಳ, ಗೋವೆ, ಬಂಗಾಳ, ಮಣಿಪುರ, ಮಿಜೋರಾಮುಗಳಿಂದ ಬಂದ ಮಕ್ಕಳಿದ್ದಾರೆ. ಅವರಿಗೆ ಕನ್ನಡ ಬಾರದು. ಪರಸ್ಪರರ ಭಾಷೆಯೂ ಬಾರದು. ಚೆಂಡು ಮಾತ್ರ ಎಲ್ಲರಿ​ಗೂ ಬರುತ್ತದೆ. ಹಲವು ನಾಡುಗಳ ಅಪರಿಚಿತರನ್ನು ಒಂದು ಸಂಸ್ಥೆಯವರನ್ನಾಗಿ ಮಾಡುವುದಕ್ಕೆ ಇದಕ್ಕಿಂತ ಅಗ್ಗವಾದ ಸಾಧನವಿಲ್ಲ: ಇಪ್ಪತ್ತೆರಡು ಮಂದಿಗೆ ಒಂದು ಚೆಂಡು ಸಾಕು. 1848ರ ಕೇಂಬ್ರಿಜ್ಜಿನಲ್ಲಿ ಬೇರೆ ಬೇರೆ ಶಾಲೆಗಳಿಂದ ಬಂದ ಹುಡುಗರಿಗೆ ಒದಗಿದ ಅವಶ್ಯಕತೆಯೇ ಇದು.

ಮತ್ತೊಂದು ಕಾರಣವು ಬೆಂಗಳೂರಿಗೆ ವಿಶಿಷ್ಟವಾದುದು. ದಂಡಿನ ಆಟಗಾರರಿಗೆ ಸ್ವಾತಂತ್ರ್ಯದ ಅನಂತರ ಅನ್ನವನ್ನು ಕೊಟ್ಟುದು ಕಾರ್ಖಾನೆಗಳು. 1940ರ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, 1948ರ ದೂರವಾಣಿ ಕಾರ್ಖಾನೆ ಮೊದಲಾದವು ಆಟದ ಬಲದ ಮೇಲೆ ತರುಣರನ್ನು ನೌಕರಿಗೆ ತೆಗೆದುಕೊಂಡು ತಂಡಗಳನ್ನು ಕಟ್ಟಿದವು. ಬಡವನ ಮಗನಿಗೆ ಚೆಂಡು ಪಿಂಚಣಿಯ ದಾರಿಯಾಗಿದ್ದ ಕಾಲವದು. ಸರಕಾರಿ ಕಾರ್ಖಾನೆಗಳ ನೇಮಕ ಬತ್ತುತ್ತ ಬಂದಂತೆ ಆ ದಾರಿಯೂ ಕಿರಿದಾಯಿತು. 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ವೃತ್ತಿಪರ ಕ್ಲಬ್ಬು ಹುಟ್ಟಿದರೂ ಅಂತಹ ಕ್ಲಬ್ಬಿನಲ್ಲಿ ಎಡೆಯಿರುವುದು ಬೆರಳೆಣಿಕೆಯ ಮಂದಿಗೆ. ಕಾರ್ಖಾನೆಗಳು ಖಾಲಿಮಾಡಿದ ಪೋಷಕನ ಪೀಠದಲ್ಲಿ ವಿಶ್ವವಿದ್ಯಾನಿಲಯಗಳು ಬಂದು ಕುಳಿತಿವೆ ಎಂದರೆ ತಪ್ಪಾಗದು. ಅವು ಕೊಡುವುದು ಶುಲ್ಕದಲ್ಲಿ ರಿಯಾಯಿತಿ, ವಸತಿ, ಊಟ, ಕೊನೆಗೊಂದು ಪದವಿ. 54 ವರ್ಷಗಳ ಬಳಿಕ, 2023ರ ಮಾರ್ಚಿಯಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ ಕರ್ನಾಟಕವು ಸಂತೋಷ್ ಪಾರಿತೋಷಕವನ್ನು ಮರಳಿ ಪಡೆದಾಗ, ನಾಡಿನಲ್ಲಿ ಆಟಗಾರರಿಗೆ ಕೊರತೆಯಿಲ್ಲ, ಅವರನ್ನು ಇಪ್ಪತ್ತೈದರ ವರೆಗೆ ಹಿಡಿದು ನಿಲ್ಲಿಸುವ ಆಸರೆಗೆ ಮಾತ್ರ ಕೊರತೆಯೆಂಬುದು ತಿಳಿದವರಿಗೆ ಸ್ಪಷ್ಟವಾಯಿತು.

ಇಪ್ಪತ್ತೈದೆಂಬ ಸಂಖ್ಯೆಯನ್ನು ಇಲ್ಲಿ ಸುಮ್ಮನೆ ಹೇಳಿದ್ದಲ್ಲ. ಅಂತರ ವಿಶ್ವವಿದ್ಯಾನಿಲಯದ ಪಂದ್ಯಗಳಲ್ಲಿ ಆಡತಕ್ಕವನು ನಿಯತ ವಿದ್ಯಾರ್ಥಿಯಾಗಿರಬೇಕು, ವಯಸ್ಸು ಆ ಮಿತಿಯನ್ನು ಮೀರಿರಬಾರದು. ಅದರಾಚೆಗೆ ಆಟಗಾರನ ಕೈಯಲ್ಲಿ ಉಳಿಯುವುದು ಪದವಿ ಪತ್ರವೊಂದೇ. ಆ ಪತ್ರದ ಹಿಂದೆ ನಿಜವಾದ ಓದು ಇದ್ದರೆ ಗೌತಮಪುರದ ಹುಡುಗನಿಗೆ ಕಾರ್ಖಾನೆಯ ನೌಕರಿಗಿಂತ ಮಿಗಿಲಾದುದು ದೊರೆತಂತೆ. ಹಾಜರಿಯ ರಿಯಾಯಿತಿಗಳ ಮೇಲೆಯೇ ಮೂರು ವರ್ಷ ಕಳೆದಿದ್ದರೆ ಅವನಿಗೆ ದೊರೆತುದು ಕಾರ್ಖಾನೆಯು ಕೊಡುತ್ತಿದ್ದುದಕ್ಕಿಂತ ಕಡಮೆ. ಆಟದ ಬಯಲಿನಿಂದ ಹಿಂದಿರುಗುವ ಹುಡುಗನನ್ನು ಸಂಜೆಯ ತರಗತಿಗೆ ಕೂಡಿಸುವ ಕನ್ನಡದ ಅಧ್ಯಾಪಕನಿಗೆ ಈ ವ್ಯತ್ಯಾಸವು ಕ್ರೀಡಾ ನಿರ್ದೇಶಕನಿಗಿಂತ ಮೊದಲೇ ತಿಳಿಯುತ್ತದೆ. ಸ್ತ್ರೀಯರ ತಂಡಗಳ ವಿಷಯವು ಇದಕ್ಕಿಂತ ಆಶಾದಾಯಕ. ಅಲ್ಲಿ ಹಳೆಯ ಸಂಸ್ಥೆಗಳಿಗೂ ಬಹು ದೀರ್ಘವಾದ ಸಂಪ್ರದಾಯವಿಲ್ಲದ್ದರಿಂದ ನಿನ್ನೆ ಹುಟ್ಟಿದ ವಿಶ್ವವಿದ್ಯಾನಿಲಯವೂ ಹೆಚ್ಚು ಕಡಮೆ ಸಮಾನವಾದ ನೆಲದ ಮೇಲಿಂದಲೇ ಹೊರಡಬಹುದು.

ನೆಲವೆಂದರೆ ಇಲ್ಲಿ ಅಕ್ಷರಾರ್ಥದಲ್ಲಿಯೂ ನೆಲವೇ. ಚೆಂಡು ಅಗ್ಗವಾದರೂ ಬಯಲು ಅಗ್ಗವಲ್ಲ. ವಿಧ್ಯುಕ್ತವಾದ ಕಾಲ್ಚೆಂಡಿನ ಅಂಗಣವು 105 ಮೀಟರ್ ಉದ್ದ, 68 ಮೀಟರ್ ಅಗಲ. ಎಂದರೆ 7140 ಚದರ ಮೀಟರ್, ನಾಡಿನ ಲೆಕ್ಕದಲ್ಲಿ ಒಂದು ಎಕರೆ ಮೂವತ್ತು ಗುಂಟೆ. ಈ ಜಾಗವು ವಿಸ್ತೀರ್ಣದಲ್ಲಿ ಹದಿನೇಳು ಬ್ಯಾಸ್ಕೆಟ್‌ಬಾಲ್ ಅಂಗಣಗಳಿಗೆ ಸಮ. ಊರುಗಳಿಗೆ ಗೋಮಾಳವೂ ಗುಂಡುತೋಪೂ ಇದ್ದ ಕಾಲದಲ್ಲಿ ಹುಡುಗರು ಬಯಲನ್ನು ಅಳೆದು ನೋಡಬೇಕಾಗಿರಲಿಲ್ಲ; ಬಡಾವಣೆಯ ನಕ್ಷೆಗಳಲ್ಲಿ ‘ಉದ್ಯಾನ’ವೆಂದು ಬರೆದ ಚೂರುಗಳಲ್ಲಿ ಕಾಲ್ಚೆಂಡಿಗೆ ಎಡೆ ದೊರೆಯುವುದಿಲ್ಲ. ಯಲಹಂಕದ ಸೀಮೆಯಲ್ಲಿ ಇಷ್ಟು ಅಗಲದ, ಗುಡಿಸಿ ಹುಲ್ಲು ಬೆಳೆಸಿದ ತೆರಪು ಇನ್ನೂ ಉಳಿದಿರುವುದಾದರೆ ಅದು ಬಹುಮಟ್ಟಿಗೆ ವಿದ್ಯಾಸಂಸ್ಥೆಗಳ ಆವರಣದೊಳಗೇ. ಗೇಟಿನಾಚೆಯ ಊರಿನ ಹುಡುಗನಿಗೆ ಅಲ್ಲಿ ಪ್ರವೇಶವಿರುವುದು ಕಾವಲುಗಾರನ ದಯೆಯಿಂದ ಅಥವಾ ಪ್ರವೇಶಪತ್ರದಿಂದ. ಅದೇ ಒಂದು ಎಕರೆ ಮೂವತ್ತು ಗುಂಟೆಯನ್ನು ರಸ್ತೆಗಳಿಗೆ ಏನನ್ನೂ ಬಿಡದೆ ಮೂವತ್ತು–ನಲವತ್ತು ಅಡಿಯ ನಿವೇಶನಗಳಾಗಿ ಸೀಳಿದರೆ ಅರವತ್ತನಾಲ್ಕು ನಿವೇಶನಗಳಾಗುತ್ತವೆ. ಅಟ್ಟೂರಿನಲ್ಲಿ ಈ ಲೆಕ್ಕವನ್ನು ಬಾಯಲ್ಲೇ ಹೇಳಬಲ್ಲವರು ಬಹಳ ಮಂದಿ ಇದ್ದಾರೆ.